ನಮ್ಮ ನಂತರ ಯಾರು?

ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವನ್ನು ಸಾಕುವ ಮನೆಗಳಲ್ಲಿ ಒಂದು ಚಿಂತೆ ಸದಾ ಇರುತ್ತದೆ: ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ? ಆ ಭಯಕ್ಕೇ ತಂದೆತಾಯಿ ಹಣ ಕೂಡಿಡುತ್ತಾರೆ, ಸೈಟು ಕೊಳ್ಳುತ್ತಾರೆ, ಠೇವಣಿಯನ್ನು ಮಗನ ಹೆಸರಿಗೆ ಮಾಡಿಸುತ್ತಾರೆ. ಆದರೆ ಬ್ಯಾಂಕಿನಲ್ಲಿ ಒಂದು ಚೀಟಿ ತುಂಬಲಾರದ ಮಗನಿಗೆ ಆ ಹಣ ಹೊತ್ತುಹೊತ್ತಿಗೆ ಊಟವಾಗಿ, ಔಷಧಿಯಾಗಿ ಒದಗುವುದು ಹೇಗೆ?

ಇಂಥ ಮನೆಗಳಿಗೆ ಆಸರೆಯಾಗಬಲ್ಲದ್ದು ಟ್ರಸ್ಟ್. ಆಸ್ತಿ ಇರುವುದು ಟ್ರಸ್ಟಿಯ ಕೈಯಲ್ಲಿ, ಅದರ ಫಲ ಮಾತ್ರ ಮಗುವಿಗೆ. ಮನೆ, ಜಮೀನು ಸೇರಿದ್ದರೆ ಪತ್ರವನ್ನು ನೋಂದಾಯಿಸಬೇಕು, ಇಲ್ಲವೇ ಉಯಿಲಿನಲ್ಲಿ ಬರೆದಿಡಬೇಕು. ಟ್ರಸ್ಟಿಯ ಬಗ್ಗೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಹೇಳುವ ಮಾತು ನನಗೆ ಬಹಳ ಹಿಡಿಸುತ್ತದೆ. ವಿವೇಕಿಯಾದವನು ಸ್ವಂತ ಆಸ್ತಿಯನ್ನು ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಅವನು ಇದನ್ನು ಕಾಯಬೇಕು. ಅದರಿಂದ ತಾನು ಲಾಭ ಮಾಡಿಕೊಳ್ಳುವಂತಿಲ್ಲ. ಲೆಕ್ಕ ಚೊಕ್ಕವಾಗಿರಬೇಕು. ಪತ್ರದಲ್ಲಿ ಬರೆದಿರದಿದ್ದರೆ ಶ್ರಮಕ್ಕೆ ಪ್ರತಿಫಲ ಕೇಳುವ ಹಕ್ಕೂ ಸಾಮಾನ್ಯವಾಗಿ ಇಲ್ಲ. ಪ್ರವಚನಗಳಲ್ಲಿ ನಾವು ಕೇಳುವ ನಿಷ್ಕಾಮ ಕರ್ಮವನ್ನು ಈ ಹಳೆಯ ಕಾಯ್ದೆ ಲೆಕ್ಕದ ಪುಸ್ತಕಕ್ಕೆ ಇಳಿಸಿದೆ.

ಆಸ್ತಿಯ ಜೊತೆಗೆ ಮಗುವನ್ನು ನೋಡಿಕೊಳ್ಳುವವರೂ ಬೇಕಲ್ಲ. ಆಟಿಸಂ, ಬೌದ್ಧಿಕ ವೈಕಲ್ಯದಂಥ ತೊಂದರೆ ಇರುವವರು 18 ವರ್ಷ ದಾಟಿದ ಮೇಲೂ ಅವರಿಗೆ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಆ ಅರ್ಜಿಗಳನ್ನು ನೋಡುತ್ತದೆ. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ.

ಟ್ರಸ್ಟ್ ಪತ್ರ ಬರೆಯಲು ವಕೀಲರು ಸಿಗುತ್ತಾರೆ. ಟ್ರಸ್ಟಿ ಸಿಗುವುದೇ ಕಷ್ಟ. ತಂದೆಯ ಅಣ್ಣತಮ್ಮಂದಿರಿಗೂ ಅವರಷ್ಟೇ ವಯಸ್ಸಾಗಿರುತ್ತದೆ, ಅಕ್ಕಪಕ್ಕದವರು ‘ನಮಗೇಕೆ ಈ ಉಸಾಬರಿ’ ಎಂದು ಹಿಂಜರಿಯುತ್ತಾರೆ. ಹಿಂಜರಿಯುವ ಸ್ವಾತಂತ್ರ್ಯ ಅವರಿಗಿದೆ. ಟ್ರಸ್ಟಿಯಾಗು ಎಂದು ಕಾನೂನು ಯಾರನ್ನೂ ಬಲವಂತ ಮಾಡುವುದಿಲ್ಲ. ಒಪ್ಪಿಕೊಂಡ ಮೇಲೆ ಮಾತ್ರ ಮನಸ್ಸು ಬಂದಾಗ ಕೈಬಿಡುವಂತಿಲ್ಲ. ಆದ್ದರಿಂದ ಟ್ರಸ್ಟಿಯಾಗಿ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಯೋಚಿಸಲು ಸಮಯ ತೆಗೆದುಕೊಳ್ಳಿ, ಪತ್ರವನ್ನು ಪೂರ್ತಿ ಓದಿ, ಜೊತೆಗೆ ಇನ್ನೊಬ್ಬ ಟ್ರಸ್ಟಿ ಇರಲಿ ಎಂದು ಕೇಳಿ. ಆ ಮಗುವಿನೊಡನೆ ಈಗಿನಿಂದಲೇ ಒಡನಾಡಿ, ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ ಎಂದು ತಿಳಿದುಕೊಳ್ಳಿ. ನಿಮಗೆ ಇನ್ನೂ ನಲವತ್ತರ ಆಸುಪಾಸಾಗಿದ್ದು, ಪರಿಚಯದ ಮನೆಯವರು ಬಂದು ಕೇಳಿದರೆ, ದಯವಿಟ್ಟು ಒಪ್ಪಿಕೊಳ್ಳಿ.