ಕೊಳೆ ಕೆಲಸದಲ್ಲಿದೆಯೋ, ನೋಡುವ ಕಣ್ಣಿನಲ್ಲಿದೆಯೋ?

ನಿಮ್ಮ ಮಗನೋ ಅಳಿಯನೋ ಒಂದು ಸಂಜೆ ಮನೆಗೆ ಬಂದು, “ಇನ್ನು ಮುಂದೆ ನಾನು ಮನೆಮನೆಗೆ ಹೋಗಿ ಸಾಕುನಾಯಿಗಳ ಹೊಲಸು ಎತ್ತುವ ಕೆಲಸ ಮಾಡುತ್ತೇನೆ” ಎಂದರೆ ನಿಮಗೆ ಏನನ್ನಿಸುತ್ತದೆ? ಥಟ್ಟನೆ ಉತ್ತರ ಕೊಡಬೇಡಿ. ಹಾಗೆ ಥಟ್ಟನೆ ಉತ್ತರ ಕೊಟ್ಟೇ ನಾನು ತಪ್ಪು ಮಾಡಿದೆ.

ಮಾರಿಕುಪ್ಪಂನ ಗಣಿ ಲೈನುಗಳಲ್ಲಿ ಹುಟ್ಟಿ ಬೆಳೆದ ಯುವಕನೊಬ್ಬ ತಾಯಿಯೊಂದಿಗೆ ನನ್ನನ್ನು ಕಾಣಲು ಬಂದಿದ್ದ. ತಾತ ಚಿನ್ನದ ಗಣಿಯೊಳಗೆ ಇಳಿದವರು. ತಂದೆಯೂ ಇಳಿದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಗಣಿಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಆ ತಂದೆಯೂ ಒಬ್ಬರು. ಮಗ ದೊಡ್ಡವನಾದ ಮೇಲೆ ಇಲ್ಲಿನ ಎಷ್ಟೋ ಮಕ್ಕಳಂತೆ ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋದ. ಒಂದು ದಿನ ಆ ಕಾರ್ಖಾನೆಯೂ ಗುತ್ತಿಗೆಯವರನ್ನೆಲ್ಲ ಬಿಡಿಸಿತು. ಒಂದೇ ಮನೆಯಲ್ಲಿ ಎರಡು ತಲೆಮಾರಿನವರು ಕೆಲಸ ಕಳೆದುಕೊಂಡಂತಾಯಿತು.

ಅದೇ ರೈಲಿನಲ್ಲಿ ಹೋಗುವ ಗೆಳೆಯನೊಬ್ಬ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕಾವಲುಗಾರ. ಅಲ್ಲಿ ನಾಯಿಗಳ ಹೊಲಸಿನಿಂದಾಗಿ ಅಕ್ಕಪಕ್ಕದವರಿಗೆ ದಿನವೂ ಜಗಳವಂತೆ. ಇದನ್ನು ಕೇಳಿದ ನಮ್ಮ ಹುಡುಗ ಉದ್ದ ಹಿಡಿಯ ಸಲಿಕೆ, ಕೈಗವಸು, ಚೀಲ, ಫಿನಾಯಿಲ್ ಕೊಂಡು, ವಾರಕ್ಕೆ ಮೂರು ದಿನ ಅಂಗಳ ಶುಚಿ ಮಾಡಿಕೊಡುತ್ತೇನೆಂದು ಮನೆಮನೆ ಕೇಳಿದ. ಮನೆಯೊಂದಕ್ಕೆ ತಿಂಗಳಿಗೆ ಆರುನೂರು ರೂಪಾಯಿ. ಹದಿನಾಲ್ಕು ಮನೆಗಳು ಒಪ್ಪಿದವು. ಲೆಕ್ಕವನ್ನು ನೋಟ್ ಪುಸ್ತಕದಲ್ಲಿ ಬರೆದು ತಂದಿದ್ದ. ಧರ್ಮಕೇಂದ್ರದವರ ನೆಂಟರಿಷ್ಟರು ಬೆಂಗಳೂರಿನಲ್ಲಿ ಇರುವುದರಿಂದ, ಭಾನುವಾರದ ಪೂಜೆಯ ಕೊನೆಗೆ ಪ್ರಕಟಣೆಗಳ ಜೊತೆ ಇದನ್ನೂ ಒಂದು ಮಾತು ಹೇಳಬೇಕೆಂದು ಅವನ ಕೋರಿಕೆ.

ತಾಯಿ ಬಂದದ್ದು ಬೇರೆ ಕಾರಣಕ್ಕೆ. “ಸ್ವಾಮಿ, ಇವರ ತಾತ ಗಣಿಯೊಳಗೆ ಇಳೀತಿದ್ರು. ಜನ ಮರ್ಯಾದೆ ಕೊಡ್ತಿದ್ರು. ಇವನು ನಾಯಿ ಹೊಲಸು ಬಾಚ್ತೀನಿ ಅಂತಾನೆ. ನಾಳೆ ಇವನಿಗೆ ಯಾರು ಹೆಣ್ಣು ಕೊಡ್ತಾರೆ? ನೀವೇ ಬುದ್ಧಿ ಹೇಳಿ” ಎಂದರು.

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. “ಅಮ್ಮಾ, ಎಲ್ಲ ಕೆಲಸವೂ ಪವಿತ್ರವೇ. ಸಂತ ಜೋಸೆಫರೂ ಕೈಕೆಲಸ ಮಾಡಿದವರೇ ಅಲ್ಲವೇ?” ಎಂದೆ.

ಆಕೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: “ಎಲ್ಲ ಕೆಲಸವೂ ಪವಿತ್ರ ಅಂದಮೇಲೆ ಸ್ವಾಮಿ, ಈ ಹೊಲಸು ಎತ್ತೋ ಪವಿತ್ರ ಕೆಲಸ ಮಾತ್ರ ಯಾವಾಗಲೂ ಒಂದೇ ಜಾತಿಯೋರಿಗೆ ಯಾಕೆ ಸಿಕ್ತು?”

ನನಗೆ ಮಾತು ಹೊರಡಲಿಲ್ಲ. ಪ್ರಕಟಣೆಯ ವಿಷಯಕ್ಕೆ “ನೋಡೋಣ ಮಗು” ಎಂದಷ್ಟೇ ಹೇಳಿ ಇಬ್ಬರನ್ನೂ ಕಳುಹಿಸಿಕೊಟ್ಟೆ. “ನೋಡೋಣ” ಎಂಬ ಮಾತಿನ ಅರ್ಥ ನಿಮಗೂ ಗೊತ್ತು. ಎಲ್ಲ ಕೆಲಸವೂ ಪವಿತ್ರವೆಂದು ಹೇಳಿ ಎರಡು ನಿಮಿಷವಾಗಿರಲಿಲ್ಲ, ಆ ಕೆಲಸದ ಹೆಸರನ್ನು ಪೀಠದ ಬಳಿ ನಿಂತು ಹೇಳಲು ನನಗೇ ನಾಚಿಕೆಯಾಗಿತ್ತು.

ಆ ತಾಯಿಯ ಪ್ರಶ್ನೆಯನ್ನೇ ಮೊದಲು ನೋಡೋಣ. ಅದು ಈ ನೆಲದಲ್ಲೇ ಹುಟ್ಟಿದ ಪ್ರಶ್ನೆ. ಸುಮಾರು 120 ವರ್ಷಗಳಲ್ಲಿ ಎಂಟುನೂರು ಟನ್‌ಗಳಷ್ಟು ಚಿನ್ನ ಕೊಟ್ಟ ಕೋಲಾರ ಚಿನ್ನದ ಗಣಿಯ ಊರಿನಲ್ಲಿ, ಕಾರ್ಮಿಕರ ಒಣ ಪಾಯಿಖಾನೆಗಳಿಂದ ಮನುಷ್ಯರ ಮಲವನ್ನು ಮನುಷ್ಯರೇ ಬಕೆಟ್ಟುಗಳಲ್ಲಿ ಹೊರುತ್ತಿದ್ದರು. ಹಾಗೆ ಹೊರುತ್ತಿದ್ದ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರು ಇಲ್ಲಿಂದಲೇ ಈ ಪದ್ಧತಿಯ ವಿರುದ್ಧ ಹೋರಾಟ ಆರಂಭಿಸಿ, ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ದೇಶವನ್ನೆಲ್ಲ ಸುತ್ತಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾನೂನು ಬಂತು. ಆ ಬಕೆಟ್ಟು ಹೊತ್ತವರ ಮುಂದೆ ನಿಂತು “ಎಲ್ಲ ಕೆಲಸವೂ ಪವಿತ್ರ” ಎಂದಿದ್ದರೆ ಅದು ಸಾಂತ್ವನವಾಗುತ್ತಿರಲಿಲ್ಲ. ಬಕೆಟ್ಟು ಕೆಳಗಿಡಬೇಡ ಎಂದು ಸಿಹಿಯಾಗಿ ಹೇಳಿದಂತಾಗುತ್ತಿತ್ತು. ತಾಯಿ ಗುರುತಿಸಿದ್ದು ಇದನ್ನೇ.

ಹಾಗಾದರೆ ಧರ್ಮಸಭೆಯ ಬೋಧನೆ ತಪ್ಪೇ? ಇಲ್ಲ, ನಾನು ಅದನ್ನು ಅರ್ಧ ಮಾತ್ರ ಹೇಳಿದ್ದೆ. ಗುರುಮಠದಲ್ಲಿ ನಾವು ಅರಿಸ್ಟಾಟಲನನ್ನು ಓದುವಾಗ, ಉತ್ತಮ ರಾಜ್ಯದಲ್ಲಿ ಕೈಕೆಲಸದವರಿಗೆ ಪೌರತ್ವವಿರಬಾರದು ಎಂಬ ಅವನ ಅಭಿಪ್ರಾಯ ಕಂಡು ಬೆರಗಾಗಿದ್ದೆವು. ಆ ಮಹಾಜ್ಞಾನಿಯ ಲೆಕ್ಕದಲ್ಲಿ ನಜರೇತಿನ ಬಡಗಿಗೂ, ಗುಡಾರ ಹೊಲಿದು ಜೀವಿಸಿದ ಸಂತ ಪೌಲರಿಗೂ ಸ್ಥಾನವಿಲ್ಲ. ಕೆಲಸ ಎಂಥದ್ದು ಎಂಬುದರಿಂದ ಮನುಷ್ಯನ ಬೆಲೆ ಕಟ್ಟುವ ಈ ಅಳತೆಗೋಲನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ತಿರುಗಿಸಿ ಹಿಡಿದರು. ದುಡಿಮೆಗೆ ಬೆಲೆ ಬರುವುದು ಮೊದಲಾಗಿ ಅದನ್ನು ಮಾಡುವವನು ಮನುಷ್ಯನಾದ್ದರಿಂದ. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬುದು ಅದರ ತಿರುಳು.

ಈ ಮಾತಿಗೆ ಎರಡು ಅಲಗುಗಳಿವೆ. ಯಾವ ಪ್ರಾಮಾಣಿಕ ಕೆಲಸವೂ ಮನುಷ್ಯನನ್ನು ಕೀಳು ಮಾಡಲಾರದು ಎಂಬುದು ಒಂದು. ಮನುಷ್ಯನನ್ನು ಕೀಳಾಗಿ ಕಾಣುವುದಕ್ಕಾಗಿಯೇ ಅವನ ತಲೆಗೆ ಕಟ್ಟಿದ ಕೆಲಸವನ್ನು ಯಾರೂ ಪವಿತ್ರವೆನ್ನಬಾರದು ಎಂಬುದು ಇನ್ನೊಂದು. ನಾವು ಬೋಧಕರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತೇವೆ.

ಈ ಎರಡನ್ನು ಬೇರೆ ಮಾಡುವುದು ಹೇಗೆ? ನಾಲ್ಕು ಪ್ರಶ್ನೆ ಕೇಳಿ ನೋಡಿ. ಈ ಕೆಲಸವನ್ನು ಇವನೇ ಆರಿಸಿಕೊಂಡನೋ, ಹುಟ್ಟು ಆರಿಸಿತೋ? ನಾಳೆ ಬೇಡವೆಂದರೆ ಬಿಡಬಲ್ಲನೋ? ಬದುಕಲು ಸಾಲುವಷ್ಟು ಕೂಲಿಯೂ ಮೈಗೆ ರಕ್ಷಣೆಯೂ ಇದೆಯೋ? ಕೆಲಸ ಮುಗಿಸಿ ಕೈ ತೊಳೆದ ಮೇಲೆ ಅವನು ಎಲ್ಲರಂತೆ ಒಬ್ಬನೋ, ಅಥವಾ ಆ ಕೊಳೆ ಅವನ ಹೆಸರಿಗೆ ಅಂಟಿಕೊಂಡೇ ಇರುತ್ತದೋ? ಬಕೆಟ್ಟು ಹೊತ್ತವರ ಪಾಲಿಗೆ ಈ ನಾಲ್ಕಕ್ಕೂ ಉತ್ತರ ಕಹಿಯೇ. ಈ ಯುವಕನ ಮಟ್ಟಿಗೆ ಮೊದಲ ಮೂರಕ್ಕೆ ಅವನೇ ಉತ್ತರ ಕೊಡಬಲ್ಲ. ಹಸಿವು ನೂಕಿದ್ದು ನಿಜ, ಆದರೆ ದರ ನಿಗದಿ ಮಾಡಿದವನು ಅವನು, ಸಲಿಕೆ ಅವನದು, ಬೇಡವೆನ್ನುವ ಹಕ್ಕೂ ಅವನದು. ನಾಲ್ಕನೆಯ ಪ್ರಶ್ನೆಗೆ ಉತ್ತರ ಮಾತ್ರ ಅವನ ಕೈಯಲ್ಲಿಲ್ಲ. ಅದು ನನ್ನ ಮತ್ತು ನಿಮ್ಮ ಕೈಯಲ್ಲಿದೆ.

ಇನ್ನು ಹೇಸಿಗೆಯ ಮಾತು. ಸಗಣಿಯನ್ನು ನಮ್ಮ ಹೆಂಗಸರು ಬರಿಗೈಯಲ್ಲಿ ಎತ್ತಿ ಅಂಗಳ ಸಾರಿಸುತ್ತಾರೆ, ಯಾರೂ ಮೂಗು ಮುಚ್ಚುವುದಿಲ್ಲ. ತಾಯಿ ಕೂಸಿನ ಬಟ್ಟೆ ಒಗೆಯುತ್ತಾಳೆ, ದಾದಿ ರೋಗಿಯ ಹಾಸಿಗೆ ಬದಲಿಸುತ್ತಾಳೆ. ನಾಯಿಯ ಮಲ ಸಗಣಿಯಂತಲ್ಲ, ನಿಜ. ಅದರಲ್ಲಿ ಜಂತುಹುಳುಗಳ ಮೊಟ್ಟೆಗಳಿರಬಹುದು, ಅವು ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿದು ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರಬಹುದು. ಹಾಗಿದ್ದರೆ ಅದನ್ನು ಎತ್ತುವವನು ಮಕ್ಕಳ ಆರೋಗ್ಯ ಕಾಯುವವನಲ್ಲವೇ? ಇನ್ನೊಂದು ಕಡೆ, ನಾವು ಹೆಮ್ಮೆಯಿಂದ ನೆನೆಯುವ ಗಣಿ ಕೆಲಸವನ್ನು ನೋಡಿ. ನೆಲದಡಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಎಷ್ಟೋ ಜನ ಸತ್ತರು; ಕಲ್ಲುಧೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮುತ್ತಲೇ ಕಣ್ಮುಚ್ಚಿದವರು ನಮ್ಮ ಸ್ಮಶಾನಗಳಲ್ಲಿ ಮಲಗಿದ್ದಾರೆ. ಚಿನ್ನದ ಹೆಸರಿದ್ದುದರಿಂದ ಕೊಲ್ಲುವ ಕೆಲಸಕ್ಕೆ ಮರ್ಯಾದೆ ಸಿಕ್ಕಿತು. ಕಾಪಾಡುವ ಕೆಲಸಕ್ಕೆ ಸಿಗಲಿಲ್ಲ. ಶರಣರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು 12ನೆಯ ಶತಮಾನದಲ್ಲೇ ಗೌರವಿಸಿದ ನಾಡು ನಮ್ಮದು. ನಾವು ಎಲ್ಲಿ ಮರೆತೆವು?

ಒಬ್ಬ ಹಿರಿಯರು ನನ್ನನ್ನು ಕೇಳಿದರು: “ಫಾದರ್, ನಾಯಿ ಸಾಕಿದವರು ತಾವೇ ಎತ್ತಬೇಕಲ್ಲವೇ? ದುಡ್ಡು ಕೊಟ್ಟು ಇನ್ನೊಬ್ಬರಿಂದ ಎತ್ತಿಸುವುದು ಸರಿಯೇ?” ಒಳ್ಳೆಯ ಪ್ರಶ್ನೆ. ಕೈಲಾದವರು ತಾವೇ ಎತ್ತುವುದು ಉತ್ತಮ. ಆದರೆ ಬೀದಿಯಲ್ಲಿ ಬಿಟ್ಟುಹೋದ ಹೊಲಸು ತಾನಾಗಿ ಮಾಯವಾಗುವುದಿಲ್ಲ. ಮರುದಿನ ಬೆಳಗ್ಗೆ ಅದು ಪೌರಕಾರ್ಮಿಕ ಮಹಿಳೆಯೊಬ್ಬಳ ಪೊರಕೆಗೆ ಬರುತ್ತದೆ. ಅವಳು ಒಪ್ಪಿಕೊಂಡಿಲ್ಲ, ಅವಳಿಗೆ ಅದಕ್ಕೆ ಪ್ರತ್ಯೇಕ ಕೂಲಿಯೂ ಇಲ್ಲ. ಒಪ್ಪಿದವನಿಗೆ ನ್ಯಾಯವಾದ ಕೂಲಿ ಕೊಟ್ಟು ಮಾಡಿಸುವುದು ಅದಕ್ಕಿಂತ ಎಷ್ಟೋ ಧರ್ಮ. ಆದರೆ ದುಡ್ಡು ಕೊಟ್ಟವನು ಅವನ ಸಮಯವನ್ನಷ್ಟೇ ಕೊಂಡಿದ್ದಾನೆ, ಅವನನ್ನು ಕಡೆಗಣಿಸುವ ಹಕ್ಕನ್ನು ಕೊಂಡಿಲ್ಲ.

ಯಾರು ಲಾಭ ಪಡೆದರೋ ಅವರೇ ಕೊಳೆಗೂ ಹೊಣೆ ಎಂಬ ಪಾಠ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಮ್ಮೂರ ಸೈನೈಡ್ ದಿಬ್ಬಗಳು ಕಣ್ಣೆದುರೇ ಇವೆ. ಚಿನ್ನ ಹೊರಗೆ ಹೋಯಿತು, ಅದನ್ನು ಸೋಸಿದ ಮಣ್ಣು ಗುಡ್ಡವಾಗಿ ಇಲ್ಲೇ ಉಳಿಯಿತು. ಗಾಳಿ ಬೀಸಿದಾಗ ಆ ಧೂಳು ಬೀಳುವುದು ಬಡವರ ತಟ್ಟೆಗೆ.

ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ಸುಮ್ಮನೆ ನಿಂತವರು ನಿಮಗೆ ನೆನಪಿರಬಹುದು. ಅವರು ಸೋಮಾರಿಗಳಲ್ಲ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದೇ ಅವರ ಉತ್ತರ. ಮಾರಿಕುಪ್ಪಂನ ನಿಲ್ದಾಣದಲ್ಲಿ ನಿಂತ ಯಾರಿಗೂ ಆ ಉತ್ತರದ ಭಾರ ಗೊತ್ತು. ಯಾರೂ ಕರೆಯದಿದ್ದಾಗ ತಾನೇ ಒಂದು ಕೆಲಸ ಕಟ್ಟಿಕೊಂಡ ಹುಡುಗನಿಗೆ ನಾನು “ನೋಡೋಣ” ಎಂದಿದ್ದೆ.

ಪವಿತ್ರ ಗುರುವಾರ ನಾನು ಹನ್ನೆರಡು ಜನರ ಪಾದ ತೊಳೆಯುತ್ತೇನೆ. ಅವರೆಲ್ಲ ಮನೆಯಲ್ಲಿ ಮೊದಲೇ ಕಾಲು ತೊಳೆದುಕೊಂಡೇ ಬರುತ್ತಾರೆ. ಪ್ರಭು ಯೇಸು ತೊಳೆದ ಪಾದಗಳು ಬೀದಿಯ ಧೂಳು ತುಳಿದು ಬಂದವು. ಇದನ್ನು ನೆನೆದ ಮೇಲೆ ಮುಂದಿನ ಭಾನುವಾರವೇ ಪ್ರಕಟಣೆ ಓದಿದೆ, ಕೆಲಸದ ಹೆಸರನ್ನು ಮರೆಮಾಚದೆ ಓದಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ತಾಯಿ ತಲೆಯೆತ್ತಲಿಲ್ಲ. ಪೂಜೆ ಮುಗಿದ ಮೇಲೆ ಎರಡು ಕುಟುಂಬದವರು ಬಂದು ಅವನ ಫೋನ್ ನಂಬರು ಬರೆದುಕೊಂಡರು.

ತಾಯಿಗೆ ಇನ್ನೂ ಸಮಾಧಾನವಾಗಿಲ್ಲ. ಆಗಬೇಕೆಂದು ನಾನು ಒತ್ತಾಯಿಸಿಲ್ಲ, ಏಕೆಂದರೆ ಆಕೆಯ ಭಯ ಸುಳ್ಳಲ್ಲ. ಮೊನ್ನೆ ಆ ಹುಡುಗನನ್ನು, “ಕೆಲಸದಲ್ಲಿ ಕಷ್ಟವೇನಪ್ಪಾ?” ಎಂದು ಕೇಳಿದೆ. “ವಾಸನೆ ಅಭ್ಯಾಸವಾಯ್ತು ಫಾದರ್. ನೀರು ಕೇಳಿದರೆ ಕೆಲವರು ಬಿಸಾಡೋ ಲೋಟದಲ್ಲಿ ತಂದು ಗೇಟಿನ ಮೇಲೆ ಇಡ್ತಾರೆ. ಅದು ಅಭ್ಯಾಸ ಆಗಲಿಲ್ಲ” ಎಂದ.

ಪ್ರಿಯ ಓದುಗರೇ, ನಿಮ್ಮ ಅಂಗಳಕ್ಕೂ ಯಾರೋ ಒಬ್ಬರು ಶುಚಿ ಮಾಡಲು ಬರುತ್ತಾರೆ. ಅವರ ಹೆಸರು ಕೇಳಿ ತಿಳಿದುಕೊಳ್ಳಿ. ಒಪ್ಪಿದ ಕೂಲಿಯನ್ನು ಒಪ್ಪಿದ ದಿನವೇ ಕೊಡಿ. ಕೈ ತೊಳೆಯಲು ಸೋಪು ಕೊಡಿ. ಬಾಯಾರಿದಾಗ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ.