'ಮಾಸ್' ಎಂದರೆ ಯಾವ ಮಾಸ್?



'ಫಾದರ್, ನಾಳೆ ಮಾಸ್ ಎಷ್ಟು ಗಂಟೆಗೆ?' ಎಂದು ಶನಿವಾರ ಕೇಳಿದ ಹುಡುಗನೇ ಗೆಳೆಯರೊಡನೆ 'ಪಿಕ್ಚರ್ ಸಖತ್ ಮಾಸ್' ಎನ್ನುತ್ತಾನೆ. ಸೋಮವಾರ ವಿಜ್ಞಾನದ ತರಗತಿಯಲ್ಲಿ ಅದೇ ಮಾಸ್ 'ದ್ರವ್ಯರಾಶಿ'ಯಾಗಿ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಅವೇ ನಾಲ್ಕು ಅಕ್ಷರ. ಆದರೂ ಇವು ಒಂದೇ ತಾಯಿಯ ಮಕ್ಕಳಲ್ಲ.

ಸಿನಿಮಾದ ಮಾಸ್, ವಿಜ್ಞಾನದ ಮಾಸ್ ಎರಡೂ ಲ್ಯಾಟಿನ್ನಿನ 'ಮಸ್ಸಾ'ದಿಂದ ಬಂದವು. ಅದರ ಹಿಂದಿರುವುದು ಗ್ರೀಕರ 'ಮಾಜಾ', ಅಂದರೆ ಬಾರ್ಲಿ ಹಿಟ್ಟನ್ನು ನಾದಿ ಮಾಡಿದ ರೊಟ್ಟಿ. ನಮ್ಮ ಕಡೆಯ ಮಾತಿನಲ್ಲಿ ಮುದ್ದೆ ಎನ್ನಿ! ಹಿಟ್ಟಿನ ಮುದ್ದೆ ಬರಬರುತ್ತಾ ಯಾವುದೇ ವಸ್ತುವಿನ ರಾಶಿಯಾಯಿತು, ಆಮೇಲೆ ಜನರ ರಾಶಿಯೂ ಆಯಿತು. ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣಕ್ಕೆ ನ್ಯೂಟನ್ 1687ರಲ್ಲಿ ಇದೇ ಪದವನ್ನು ಬಳಸಿದ. ಸ್ವಲ್ಪ ಹುಳಿ ಇಡೀ ಕಣಕವನ್ನು ಹುಳಿಯಾಗಿಸುತ್ತದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರಲ್ಲ, ಹಳೆಯ ಲ್ಯಾಟಿನ್ ಬೈಬಲಿನಲ್ಲಿ ಆ ಕಣಕವೂ 'ಮಸ್ಸಾ'ವೇ. 'ಅದು ಮಾಸ್‌ಗೆ, ನಮ್ಮಂಥ ಕ್ಲಾಸ್‌ಗಲ್ಲ' ಎಂದು ಮೂಗು ಮುರಿಯುವವರು ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಓದಲಿ. ಜನಜಂಗುಳಿಯನ್ನು ಕಂಡು ಯೇಸುಸ್ವಾಮಿಗೆ ಹುಟ್ಟಿದ್ದು ತಾತ್ಸಾರವಲ್ಲ, ಕನಿಕರ.

ಬಲಿಪೂಜೆಯ 'ಮಾಸ್' ಬೇರೆ. ಅದು ಲ್ಯಾಟಿನ್ನಿನ 'ಮಿಸ್ಸಾ'. ಅದರ ಧಾತುವಿಗೆ 'ಕಳುಹಿಸು' ಎಂದರ್ಥ. ಮಂಗಳೂರಿನ ಕೊಂಕಣಿ ಕ್ರೈಸ್ತರ 'ಮೀಸ್' ಪೋರ್ಚುಗೀಸರ ಮೂಲಕ ಬಂದ ಇದೇ ಪದ. 'ಕ್ರಿಸ್‌ಮಸ್' ಎಂಬುದರ ಬಾಲದಲ್ಲಿರುವುದೂ ಇದೇ. ಮಿಷನ್, ಪರ್ಮಿಟ್, ಮೆಸೇಜ್, ಕೊನೆಗೆ ಮಿಸೈಲ್ ಕೂಡ ಈ ಧಾತುವಿನ ಸಂತಾನ. ಒಂದೇ ಮನೆಯಲ್ಲಿ ಎಂತೆಂಥವರು ಹುಟ್ಟುತ್ತಾರೆ ನೋಡಿ!

ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಲ್ಯಾಟಿನ್ ಮಾತಿನಲ್ಲಿ 'ಮಿಸ್ಸಾ' ಬರುತ್ತದೆ. ನಾಲ್ಕನೇ ಶತಮಾನದ ಹೊತ್ತಿಗೆ ಅದು ಇಡೀ ಪೂಜೆಯ ಹೆಸರೇ ಆಗತೊಡಗಿತ್ತು; ಮಿಲಾನಿನ ಸಂತ ಅಂಬ್ರೋಸರ ಪತ್ರವೊಂದರಲ್ಲಿ ಆ ಬಳಕೆ ಸಿಗುತ್ತದೆ. ಮದುವೆಗೆ 'ತಾಂಬೂಲ' ಎಂದು ಹೆಸರಿಟ್ಟ ಹಾಗೆ! ವಾಚನ, ಅರ್ಪಣೆ, ಪರಮಪ್ರಸಾದ ಎಲ್ಲವೂ ಇರುವಾಗ ಹೆಸರು ಸಂದದ್ದು ಕಳುಹಿಸಿಕೊಡುವ ಗಳಿಗೆಗೆ.

ಪರಮಪ್ರಸಾದ ಸ್ವೀಕರಿಸಿ, ಬಾಯಲ್ಲಿ ಅದು ಕರಗುವ ಮೊದಲೇ ಬೈಕಿನ ಕೀಲಿ ತಡಕುವವರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. 'ಇನ್ನೇನಿದೆ ಫಾದರ್, ಪ್ರಕಟಣೆಗಳು ತಾನೇ?' ಎನ್ನುತ್ತಾರೆ. ಪ್ರಕಟಣೆಗಳು ಉದ್ದವಾಗುತ್ತವೆ, ಒಪ್ಪುತ್ತೇನೆ. ಆದರೆ ಅವರಿಗೆ ತಪ್ಪಿಹೋಗುವುದು ಪೂಜೆಗೆ ಹೆಸರು ಕೊಟ್ಟ ಮಾತೇ. ಅವರನ್ನು ಯಾರೂ ಕಳುಹಿಸಿಲ್ಲ, ತಾವಾಗಿ ಎದ್ದು ಹೋದರು. ಕಳುಹಿಸಿಕೊಡುವುದೆಂದರೆ ಮಿಷನ್ನೇ ಎಂಬುದು ಜನರಿಗೆ ತಿಳಿಯಲೆಂದು 2008ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಈ ಬೀಳ್ಕೊಡುಗೆಗೆ ಇನ್ನಷ್ಟು ಪರ್ಯಾಯ ಮಾತುಗಳನ್ನು ಸೇರಿಸಿದರು. ಹೊರಟು ಹೋಗಿ ಶುಭಸಂದೇಶವನ್ನು ಸಾರಿರಿ, ನಿಮ್ಮ ಬಾಳಿನಿಂದ ಪ್ರಭುವಿನ ಮಹಿಮೆ ಬೆಳಗಲಿ ಎಂಬುದು ಅವುಗಳ ಭಾವ.

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಾ? ಆಸ್ತಿ ಭಾಗವಾದಂದಿನಿಂದ ಮಾತು ಬಿಟ್ಟ ತಮ್ಮನ ಮನೆ ಅದೇ ಬೀದಿಯಲ್ಲಿ ಇರಬಹುದು. ಅಲ್ಲಿಗೆ ಬೈಕೂ ಬೇಕಾಗಿಲ್ಲ.