ಇಂದಿನ ಧಮ್ಮ ಚಿಂತನೆ: ನೋಡದೆ ಹಾಕಿದ ಸಹಿ



ನಮ್ಮ ಅಜ್ಜ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಆ ಕಾಗದದಲ್ಲಿ ಏನಿತ್ತೆಂದು ಹೊಲ ಹೋದ ಮೇಲೆ ತಿಳಿಯಿತು. ಅದಕ್ಕೇ ನಮ್ಮಪ್ಪ ಹಟ ಹಿಡಿದು ನನ್ನನ್ನು ಓದಿಸಿದ. ಅಂಥ ಮನೆಯ ಮಗಳು ನಾನು, ಕಣ್ಣಾರೆ ನೋಡದ ಕೆಲಸಕ್ಕೆ ಎರಡು ತಿಂಗಳು ಸಹಿ ಹಾಕಿದೆ. ಇಂದು ಅದನ್ನೇ ನಿಮ್ಮ ಮುಂದೆ ಹೇಳುತ್ತೇನೆ.

ಗೋಕಾಕದಲ್ಲಿ ನಾನು ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಮಗು ಕಿರುಚುವ ಮೊದಲು ಏನಾಯಿತು, ಕಿರುಚಿದ ಮೇಲೆ ಅದಕ್ಕೆ ಏನು ಸಿಕ್ಕಿತು ಎಂದು ನೋಡಿ, ಬರೆದು, ಬೇರೆ ದಾರಿ ಕಲಿಸುವ ಕೆಲಸ. ಇದಕ್ಕೆ ವರ್ತನಾ ವಿಶ್ಲೇಷಣೆ ಎನ್ನುತ್ತಾರೆ. ಇದು ಪುಸ್ತಕದಿಂದಷ್ಟೇ ಬರುವುದಿಲ್ಲ. ಅಮೆರಿಕದ ಪ್ರಮಾಣಪತ್ರ ಮಂಡಳಿಯ ನಿಯಮದಂತೆ ಕಲಿಯುವವರು 2000 ತಾಸು ಕೆಲಸ ಮಾಡಬೇಕು. ಅದರಲ್ಲಿ ನೂರಕ್ಕೆ 5 ಪಾಲಾದರೂ ಮೇಲ್ವಿಚಾರಕರ ಜೊತೆ ಆಗಬೇಕು. ಅವರು ಪ್ರತಿ ತಿಂಗಳು, ಎದುರಿಗೆ ಇಲ್ಲವೇ ವಿಡಿಯೋದಲ್ಲಿ, ಕೆಲಸವನ್ನು ನೋಡಲೇಬೇಕು. 2023ರಿಂದ ಆ ಮಂಡಳಿ ನಮ್ಮ ದೇಶದವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ನಾವು ಅದೇ ಅಳತೆ ಇಟ್ಟುಕೊಂಡಿದ್ದೇವೆ. ಅಂದರೆ ನನ್ನ ಸಹಿಯನ್ನು ಪರೀಕ್ಷಿಸುವವರು ಯಾರೂ ಇಲ್ಲ.

ನನ್ನ ಹತ್ತಿರ ಕಲಿಯುವ ಹುಡುಗಿ ಹುಕ್ಕೇರಿ ಕಡೆಯವಳು, ನಮ್ಮವಳೇ. ಗೋಕಾಕದಲ್ಲಿ ಬಸ್ ಬದಲಿಸಿ ಮೂಡಲಗಿ ಹತ್ತಿರದ ಹಳ್ಳಿಗೆ ಹೋಗಿ ಆರು ವರ್ಷದ ಒಬ್ಬ ಹುಡುಗನಿಗೆ ಕಲಿಸುತ್ತಿದ್ದಳು. ತಾಸು ತುಂಬಿದರೆ ನನ್ನ ಪತ್ರ, ಪತ್ರ ಸಿಕ್ಕರೆ ನೌಕರಿ. ಅವಳು ಹಾಳೆಯ ಫೋಟೋ ಕಳಿಸುತ್ತಿದ್ದಳು, ನಾನು ಸಹಿ ಹಾಕಿ ತಿರುಗಿ ಕಳಿಸುತ್ತಿದ್ದೆ. ‘ಬಡವರ ಮಗಳು, ಬೇಗ ಮುಗಿಯಲಿ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದನ್ನು ಕರುಣೆ ಎಂದುಕೊಂಡಿದ್ದೆ. ಶಕ್ತಿ ಯೋಜನೆಯಿಂದ ಬಸ್ ಪುಕ್ಕಟೆ ಇದ್ದರೂ ಹೋಗಲಿಲ್ಲ.

ಒಂದು ದಿನ ಹುಡುಗನ ತಾಯಿ ಫೋನ್ ಮಾಡಿದಳು: “ಅಕ್ಕಾರ, ನೀವು ಬಂದು ನೋಡೂದು ಯಾವಾಗ್ರಿ? ಹುಡುಗ ಮೊದಲಿಗಿಂತ ಜಾಸ್ತಿ ಒದರಾಕತ್ತಾನ.”

ಹೋದೆ. ಹತ್ತು ನಿಮಿಷ ಕೂತದ್ದಕ್ಕೇ ತಿಳಿಯಿತು. ಹುಡುಗ ಜೋರಾಗಿ ಕಿರುಚಿದಾಗ, ಸುಮ್ಮನಾಗಲಿ ಎಂದು ಅವಳು ಮೊಬೈಲ್ ಕೊಡುತ್ತಿದ್ದಳು. ಕಿರುಚಿದರೆ ಮೊಬೈಲ್ ಸಿಗುತ್ತದೆ ಎಂಬುದನ್ನು ನಾವೇ ಅವನಿಗೆ ಕಲಿಸಿದ್ದೆವು. ಕಿರುಚುವ ಮೊದಲೇ ಚಿತ್ರದ ಚೀಟಿ ತೋರಿಸಿ ಕೇಳುವುದನ್ನು ಕಲಿಸಬೇಕಿತ್ತು. ಅದನ್ನು ಅವಳಿಗೆ ಮಾಡಿ ತೋರಿಸಿದವರು ಯಾರೂ ಇರಲಿಲ್ಲ. ತೋರಿಸಬೇಕಾದವಳು ನಾನು.

ಏಕಲವ್ಯನ ಕಥೆ ಬಂದಾಗಲೆಲ್ಲ ನಾವು ದ್ರೋಣನನ್ನು ಬೈಯುತ್ತೇವೆ. ಕಲಿಸದೆ ಹೆಬ್ಬೆರಳು ಕೇಳಿದವನು ಅವನು. ನೋಡದೆ ಸಹಿ ಹಾಕಿ ಫೀ ತೆಗೆದುಕೊಂಡ ನಾನು ಯಾರು?

ವಿನಯದಲ್ಲಿ ಹೊಸ ಭಿಕ್ಖು ಕಡಿಮೆಯೆಂದರೆ ಐದು ವರ್ಷ ಆಚಾರ್ಯರ ಆಶ್ರಯದಲ್ಲಿ ಇರಬೇಕೆಂಬ ನಿಯಮವಿದೆ. ಗುರು ಶಿಷ್ಯನನ್ನು ಮಗನಂತೆ, ಶಿಷ್ಯ ಗುರುವನ್ನು ತಂದೆಯಂತೆ ಕಾಣಬೇಕು. ಕಾಯಿಲೆ ಬಿದ್ದರೆ ಒಬ್ಬರಿಗೊಬ್ಬರು ಆರೈಕೆ ಮಾಡಬೇಕು. ಗುರು ತಪ್ಪು ಮಾತಿನ ಕಡೆ ಜಾರಿದರೆ ತಡೆಯುವುದು ಶಿಷ್ಯನ ಕರ್ತವ್ಯ. ಅಲ್ಲಿ ಕಾಲಿಗೆ ಬೀಳುವುದಕ್ಕಿಂತ ಕಣ್ಣು ತೆರೆದಿರುವುದು ದೊಡ್ಡದು. ನನ್ನ ಶಿಷ್ಯೆಗೆ “ಅಕ್ಕಾರ, ನೀವು ನೋಡೇ ಇಲ್ಲಲ್ರೀ” ಎನ್ನುವ ಧೈರ್ಯ ಬಾರದಂತೆ ಇಟ್ಟವಳೂ ನಾನೇ.

ಬುದ್ಧರು ಮಗ ರಾಹುಲನಿಗೆ ಕನ್ನಡಿ ಯಾತಕ್ಕೆ ಎಂದು ಕೇಳಿದರು. ನೋಡಿಕೊಳ್ಳಲಿಕ್ಕೆ ಎಂದ ರಾಹುಲ. ಹಾಗೆಯೇ ಪ್ರತಿ ಕೆಲಸವನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎಂದರು. ಹೊಸದಾಗಿ ಕಲಿಯುವವರಿಗೆ ತಮ್ಮ ಕೈ ತಮಗೆ ಕಾಣುವುದಿಲ್ಲ. ಅವರಿಗೆ ಕನ್ನಡಿ ಆಗುವುದೇ ಮೇಲ್ವಿಚಾರಣೆ. ಆ ಎರಡು ತಿಂಗಳು ನಾನು ಗೋಡೆಗೆ ತಿರುಗಿಸಿಟ್ಟ ಕನ್ನಡಿಯಾಗಿದ್ದೆ.

ಆ ತಾಸುಗಳನ್ನು ಹೊಡೆದು ಹಾಕಿದೆ. ಹುಡುಗಿ ಅತ್ತಳು: “ಅಕ್ಕಾರ, ತಪ್ಪು ನಿಮ್ಮದು, ತಾಸು ಹೋಗೂದು ನಂದಾ?” ಅವಳ ಮಾತು ಖರೆ. ಹಾಗಂತ ಸುಳ್ಳು ತಾಸು ಉಳಿಸಿದರೆ ಅದರ ಬೆಲೆ ತೆರುವವನು ಮಾತೇ ಬಾರದ ಆ ಹುಡುಗ. ಅವನು ಯಾರ ಹತ್ತಿರ ದೂರು ಕೊಡುತ್ತಾನೆ? 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳೆನು ಎಂಬುದೂ ಒಂದು. ಕರುಣೆಯ ಹೆಸರಿನ ಸುಳ್ಳಿಗೆ ಅದರಲ್ಲಿ ರಿಯಾಯಿತಿ ಇಲ್ಲ.

ಈಗ ಪ್ರತಿ ರವಿವಾರ ಫೀ ಇಲ್ಲದೆ ಹೋಗುತ್ತೇನೆ. ಮೊದಲು ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಅವಳು ಮಾಡುತ್ತಾಳೆ, ನಾನು ನೋಡುತ್ತೇನೆ. ಕೊನೆಗೆ ಇಬ್ಬರೂ ಮಾತಾಡುತ್ತೇವೆ. ತಾಯಿಗೂ ನನ್ನ ತಪ್ಪು ಹೇಳಿದೆ. ಆಕೆ ಒಂದೇ ಮಾತು ಅಂದಳು: “ಈಗರೆ ಬಂದ್ರೆಲ್ಲ.” ಹುಡುಗ ಚೀಟಿ ತೋರಿಸಲು ಶುರುಮಾಡಿದ್ದಾನೆ. ಆದರೆ ಅವನ ಆ ಎರಡು ತಿಂಗಳನ್ನು ನಾನು ತಿರುಗಿ ಕೊಡಲಾರೆ.

ಯಾರೂ ನೋಡದಾಗ ತಪ್ಪಿಗೆ ನಾಚುವುದನ್ನು ಹಿರಿ ಎಂದೂ, ಅದರ ಫಲಕ್ಕೆ ಅಂಜುವುದನ್ನು ಒತ್ತಪ್ಪ ಎಂದೂ ಬುದ್ಧರು ಕರೆದರು. ಲೋಕವನ್ನು ಕಾಯುವ ಎರಡು ಗುಣ ಇವೇ ಎಂದರು. ನಮ್ಮಲ್ಲಿ ಶಿಕ್ಷಕರಿದ್ದೀರಿ, ನರ್ಸ್‌ಗಳಿದ್ದೀರಿ, ಅಂಗನವಾಡಿ ಅಕ್ಕಂದಿರಿದ್ದೀರಿ. ಇಂದು ಸಹಿ ಹಾಕುವ ಮುನ್ನ ಒಂದು ಕ್ಷಣ ಪೆನ್ನು ನಿಲ್ಲಿಸಿ ಕೇಳಿಕೊಳ್ಳೋಣ: ನಾನು ಇದನ್ನು ನೋಡಿದ್ದೇನೆಯೇ? ನೋಡಿಲ್ಲವಾದರೆ ಅದು ಸಹಿಯಲ್ಲ, ಅಜ್ಜನ ಹೆಬ್ಬೆಟ್ಟು. ಅಜ್ಜನಿಗಾದರೂ ಓದಲು ಬರುತ್ತಿರಲಿಲ್ಲ.

ನಮೋ ಬುದ್ಧಾಯ. ಜೈಭೀಮ್. 🙏